ಶ್ರೀರಂಗಪಟ್ಟಣ ಸೀಮೆಯಲ್ಲಿ ಕದಿರೂ ಸೂಜಿಯೂ

ಶ್ರೀರಂಗಪಟ್ಟಣದ ನೆರೆಯಲ್ಲಿರುವ ಕಿರಂಗೂರಿನ ಹೆಸರು ಹೊರಗಿನವರ ಕಿವಿಗೆ ಬೀಳುವುದು ಅಲ್ಲಿಯ ಬನ್ನಿಮಂಟಪದಿಂದ. ೧೬೧೦ರಲ್ಲಿ ರಾಜ ಒಡೆಯರು ಆರಂಭಿಸಿದ ನವರಾತ್ರಿಯ ಉತ್ಸವವನ್ನು ನೆನಪಿಗೆ ತರುವ ಮೆರವಣಿಗೆಯು ಅಲ್ಲಿಂದಲೇ ಹೊರಡುವುದು. ಆನೆ, ಅಂಬಾರಿಗಳ ವೃತ್ತಾಂತವನ್ನು ಬರೆದವರು ಅನೇಕರುಂಟು. ಅದೇ ಹಬ್ಬದ ದಿನಗಳಲ್ಲಿ ಮನೆಯೊಳಗೆ ಕುಳಿತು ಪಟ್ಟದ ಗೊಂಬೆಗಳಿಗೆ ಹೊಸ ಬಟ್ಟೆಯನ್ನು ಹೊಲಿದು ಉಡಿಸುವ, ಮಣಿಗಳನ್ನು ಪೋಣಿಸಿ ತೋರಣ ಕಟ್ಟುವ ಹೆಂಗಸರ ಕೈಗೆಲಸಕ್ಕೂ ಒಂದು ಚರಿತ್ರೆಯಿದೆ. ಅದನ್ನು ವಿಚಾರಿಸಿದವರು ವಿರಳ.

ಕನ್ನಡ ನಾಡಿನಲ್ಲಿ ನೂಲಿಗೂ ಸೂಜಿಗೂ ಗೌರವದ ಸ್ಥಾನವು ಹಿಂದಿನಿಂದ ಬಂದುದೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೆಂಬವನೂ ಕದಿರ ರೆಮ್ಮವ್ವೆಯೆಂಬವಳೂ ತಮ್ಮ ಕಸುಬನ್ನೇ ಹೆಸರಿನಲ್ಲಿ ಧರಿಸಿದ್ದಾರೆ. ಆದರೆ ಶ್ರೀರಂಗಪಟ್ಟಣದ ಸೀಮೆಗೆ ಬಂದರೆ, ಮನೆಯ ನೂಲಿನ ವಿಷಯವಾಗಿ ಬೆಲೆಯುಳ್ಳ ಸಾಕ್ಷ್ಯವು ದೊರೆಯುವುದು ಒಬ್ಬ ಪರದೇಶೀಯನಿಂದ.

೧೭೯೯ರಲ್ಲಿ ಟೀಪೂ ಸುಲ್ತಾನನು ಮಡಿದ ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಸೀಮೆಯಲ್ಲಿ ಸಂಚರಿಸಿದನು. ರಾಜಧಾನಿಯು ಮೈಸೂರಿಗೆ ಹೋಗಿತ್ತು. ದ್ವೀಪದಲ್ಲಿ ಉಳಿದಿದ್ದವರು ಸುಮಾರು ೩೨,೦೦೦ ಜನ. ಸಿರಾದಿಂದ ಕರೆತಂದ ಕುಟುಂಬಗಳಿಂದ ತುಂಬಿದ್ದ ಗಂಜಾಮಿನ ಪೇಟೆಯೂ ಕಳೆಗುಂದಿತ್ತು. ಮೈಸೂರು ರಾಜ್ಯದಲ್ಲಿ ಹತ್ತಿಯನ್ನು ಸಣ್ಣ ವ್ಯಾಪಾರಿಗಳಿಂದ ಕೊಂಡು ನೂತು ನೂಲನ್ನು ಮಾರುತ್ತಿದ್ದವರು ಎಲ್ಲ ಜಾತಿಯ ಹೆಂಗಸರೆಂದೂ, ಬ್ರಾಹ್ಮಣ ಸ್ತ್ರೀಯರು ಮಾತ್ರ ನೂಲುವುದಿಲ್ಲವೆಂದೂ, ಅವರ ಗಂಡಂದಿರು ನೇಗಿಲು ಹಿಡಿಯುವುದಿಲ್ಲವೆಂದೂ ಅವನು ಬರೆದಿದ್ದಾನೆ. ಈ ಕೊನೆಯ ಮಾತನ್ನು ಸ್ವಲ್ಪ ತಿದ್ದಿಕೊಂಡು ಓದಬೇಕು. ಮಾರಾಟದ ನೂಲಿಗೆ ಅದು ಒಪ್ಪಬಹುದು. ಜನಿವಾರದ ದಾರವನ್ನು ತಕಲಿಯಲ್ಲಿ ತೆಗೆಯುವುದೂ, ಅರಳೆಯನ್ನು ಎಳೆದು ಹಾಲಿನಲ್ಲಿ ಅದ್ದಿದ ಬೆರಳುಗಳಿಂದ ಅಲ್ಲಲ್ಲಿ ಹೊಸೆದು, ಹೊಸೆದೆಡೆಗೆ ಕುಂಕುಮವಿಟ್ಟು ಗೆಜ್ಜೆವಸ್ತ್ರ ಮಾಡುವುದೂ ಆ ಮನೆಗಳ ನಿತ್ಯದ ಕೆಲಸವೇ. ಸಂತೆಯನ್ನು ನೋಡಿದ ಬುಕಾನನನಿಗೆ ದೇವರ ಮನೆಯು ಕಾಣಲಿಲ್ಲ.

ಆದರೂ ಮುಖ್ಯವಾದ ಸಂಗತಿಯನ್ನು ಅವನು ಕಂಡಿದ್ದನು. ಒಕ್ಕಲ ಹೆಂಗಸಿಗೆ ಕದಿರು ವಿನೋದವಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅವಳ ಕೈಗೆ ಬರುತ್ತಿದ್ದ ನಾಲ್ಕು ಕಾಸು ಅದರಿಂದಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ನೂಲು ವಿಲಾಯತಿಯಿಂದ ಹರಿದುಬಂದಿತು. ೧೮೮೨ರ ಹೊತ್ತಿಗೆ ಶ್ರೀರಂಗಪಟ್ಟಣದ ಮೇಲಾಗಿ ಮೈಸೂರಿಗೆ ರೈಲು ಹಾದುಹೋಯಿತು. ೧೮೮೪ರಲ್ಲಿ ಬೆಂಗಳೂರಿನಲ್ಲಿಯೇ ಗಿರಣಿಗಳು ಹುಟ್ಟಿದವು. ಕದಿರು ಅಟ್ಟವನ್ನೇರಿತು.

ಇದೇ ಕಾಲದಲ್ಲಿ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳ ಮೂಲಕ ಉಣ್ಣೆಯ ಹೆಣಿಗೆಯೂ ಕೊಕ್ಕೆಕಡ್ಡಿಯ ಕಸೂತಿಯೂ, ಎಂದರೆ ಕ್ರೋಷಾ ಕೆಲಸವೂ, ನಮ್ಮ ನಾಡಿಗೆ ಬಂದುವು. ಕ್ರೋಷಾದ ಉಪಕರಣವು ಅತ್ಯಲ್ಪ: ಒಂದು ಕಡ್ಡಿ, ಒಂದು ಉಂಡೆ ದಾರ, ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ಸರಪಣಿಯಾಗುವುದು, ಸರಪಣಿಯ ಮೇಲೆ ಸರಪಣಿ ಸೇರಿದರೆ ಜಾಲರಿಯಾಗುವುದು. ೧೮೪೫ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆ ಕೆಟ್ಟು ಕ್ಷಾಮವೊದಗಿದಾಗ ಇದೇ ಕಡ್ಡಿಯು ಅಲ್ಲಿಯ ಅನೇಕ ಬಡ ಕುಟುಂಬಗಳಿಗೆ ಅನ್ನವನ್ನಿತ್ತಿತು. ಗೋದಾವರೀ ತೀರದ ನರಸಾಪುರದಲ್ಲಿಯೂ ಅದು ಹೆಂಗಸರ ಜೀವನೋಪಾಯವಾಯಿತು. ಮೈಸೂರು ಸೀಮೆಯಲ್ಲಿ ಹಾಗಾಗಲಿಲ್ಲವೆಂಬುದನ್ನು ಗಮನಿಸಬೇಕು. ಇಲ್ಲಿ ಅದು ಶಾಲೆಗೆ ಹೋದ ಹುಡುಗಿಯ ಜಾಣ್ಮೆಗೆ ಗುರುತಾಗಿ, ಮೇಜಿನ ಹೊದಿಕೆಯಾಗಿ, ರವಿಕೆಯ ತೋಳಿನ ಅಂಚಾಗಿ ನಿಂತಿತು. ಅಂದವಾದ ವಿದ್ಯೆಯೇನೋ ಅಹುದು. ಆದರೆ ಕದಿರನ್ನು ಕಳೆದುಕೊಂಡವಳೊಬ್ಬಳು, ಕೊಕ್ಕೆಕಡ್ಡಿಯನ್ನು ಪಡೆದವಳು ಮತ್ತೊಬ್ಬಳು. ಒಂದರ ನಷ್ಟವನ್ನು ಇನ್ನೊಂದು ತುಂಬಿತೆಂದು ಹೇಳುವುದು ಸರಿಯಲ್ಲ. ಆ ನಷ್ಟವನ್ನೇ ತುಂಬುವ ಯತ್ನವಾಗಿ ೧೯೨೭ರಲ್ಲಿ ನಂಜನಗೂಡಿನ ಬಳಿಯ ಬದನವಾಳಿನಲ್ಲಿ ಖಾದಿಯ ಕೇಂದ್ರವು ಆರಂಭವಾಗಿ, ಹಳ್ಳಿಯ ಹೆಂಗಸರ ಕೈಗೆ ಮತ್ತೆ ಹಂಜಿ ಬಂದಿತು.

ಈ ಏರುಪೇರುಗಳ ನಡುವೆ ಸೂಜಿಯೊಂದು ಮಾತ್ರ ಮನೆಯನ್ನು ಬಿಟ್ಟು ಹೋಗಲಿಲ್ಲ. ಅಗ್ಗದ ಗಿರಣಿಯ ಬಟ್ಟೆಯು ಕದಿರನ್ನು ಕೊಂದಿತಾದರೂ ಕೌದಿಗೆ ಆಹಾರವನ್ನೇ ಒದಗಿಸಿತು. ಸವೆದ ಸೀರೆಗಳನ್ನು ನಾಲ್ಕಾರು ಪದರಗಳಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಮೊದಲ್ಗೊಂಡು ಸುತ್ತು ಸುತ್ತಾಗಿ ನಡುವಿನವರೆಗೆ ದಪ್ಪ ದಾರದಲ್ಲಿ ನೇರ ಹೊಲಿಗೆಯನ್ನು ಹಾಕುತ್ತ ಬರುವುದು ಅದರ ಕ್ರಮ. ಒಬ್ಬಳೇ ಹೊಲಿದರೆ ತಿಂಗಳೂ ಹಿಡಿಯಬಹುದು. ನೆರೆಯವರು ನಾಲ್ಕು ಮೂಲೆಗಳಲ್ಲಿ ಕುಳಿತರೆ ಕೆಲಸವೂ ಸಾಗುವುದು, ಮಾತೂ ಸಾಗುವುದು. ಅರಮನೆಯ ಜರತಾರಿಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರು. ಕೌದಿಯಾದರೋ ಹೊದ್ದು, ಒಗೆದು, ಮತ್ತೆ ತೇಪೆ ಹಾಕಿಸಿಕೊಂಡು, ಕಡೆಗೆ ಮಗುವಿನ ತೊಟ್ಟಿಲ ಹಾಸಾಗಿ ಸವೆದುಹೋಯಿತು; ಆದುದರಿಂದ ನೂರು ವರ್ಷದ ಹಿಂದಿನದೊಂದನ್ನು ನೋಡಬೇಕೆಂದರೆ ಸಿಕ್ಕುವುದು ಕಷ್ಟ.