ಮನೆಯೇ ಚಿತ್ರಶಾಲೆ: ಮಿಶ್ರ ಮಾಧ್ಯಮ ಕಲೆಯ ಒಂದು ಚರಿತ್ರೆ

ನಮ್ಮ ಸರ್ಕಾರಿ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿ ಸುವರ್ಣ ಮಹೋತ್ಸವ ಆಚರಿಸುತ್ತಿರುವುದು ಇಲ್ಲಿ ಓದಿ, ಮುಂದೆ ಚಿತ್ರಕಲಾ ಶಿಕ್ಷಕನಾದ ನನಗೆ ಹೆಮ್ಮೆಯ ಸಂಗತಿ. ಸ್ಮರಣ ಸಂಚಿಕೆಗೆ ಚಿತ್ರಕಲೆಯ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಅಜಂತಾ, ಹಂಪಿ, ಅರಮನೆಗಳ ಕಲೆಯನ್ನು ಬಿಟ್ಟು ಮನೆಯೊಳಗೆ ಹುಟ್ಟಿದ ಕಲೆಯ ಬಗ್ಗೆ ಬರೆಯೋಣ ಎನಿಸಿತು. ಅದಕ್ಕೆ ಕಾರಣವಿದೆ. "ಮೇಷ್ಟ್ರೇ, ಹುಡುಗಿಗೆ ಕೈ ಚೆನ್ನಾಗಿದೆ ಅಂತೀರಿ. ಆದರೆ ಬಣ್ಣ, ಬ್ರಷ್ಷು, ಕ್ಯಾನ್ವಾಸು ಅಂತ ನಾವು ಎಲ್ಲಿಂದ ತರೋಣ?" ಎಂಬ ಮಾತನ್ನು ಡ್ರಾಯಿಂಗ್ ಮೇಷ್ಟ್ರಾದವರು ಪ್ರತಿ ವರ್ಷವೂ ಕೇಳುತ್ತಾರೆ. ಪೋಷಕರ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಮಾತ್ರ ಅಂಗಡಿಯಲ್ಲಿಲ್ಲ, ಚರಿತ್ರೆಯಲ್ಲಿದೆ.

ಒಂದೇ ಚಿತ್ರದಲ್ಲಿ ಬಣ್ಣದ ಜೊತೆಗೆ ಕಾಗದ, ಬಟ್ಟೆ, ನೂಲು, ಮಣ್ಣು, ಮರ, ತಗಡು ಮುಂತಾದ ಬೇರೆ ಬೇರೆ ವಸ್ತುಗಳನ್ನು ಸೇರಿಸಿ ಮಾಡುವ ಕೆಲಸಕ್ಕೆ ಇಂದು ಮಿಶ್ರ ಮಾಧ್ಯಮ ಕಲೆ ಎನ್ನುತ್ತಾರೆ. ಕಾಗದ ಮತ್ತಿತರ ಚೂರುಗಳನ್ನು ಅಂಟಿಸಿ ಮಾಡಿದರೆ ಅದು ಕೊಲಾಜ್. ಅಂಟಿಸು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರು ಅದು. ಹೆಸರು ಹೊರಗಿನದಾದರೂ ಕೆಲಸ ನಮಗೆ ಹೊಸತಲ್ಲ.

ನಮ್ಮ ಮಲೆನಾಡಿನ ಭೂಮಣ್ಣಿ ಬುಟ್ಟಿಯನ್ನೇ ನೋಡಿ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಈ ಬುಟ್ಟಿಯನ್ನು ಸಿದ್ಧಮಾಡುತ್ತಾರೆ. ಹೆಣೆದ ಬುಟ್ಟಿಗೆ ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಗೋಡೆಯ ಚಿತ್ತಾರದಲ್ಲಿ ಕಪ್ಪು ಬೇಕಾದರೆ ಅಕ್ಕಿಯನ್ನು ಸೀದು ಹೋಗುವಂತೆ ಹುರಿದು ಅರೆಯುತ್ತಾರೆ, ಹಳದಿಗೆ ಗುರಿಗೆ ಕಾಯಿ ಇದೆ. ಕುಂಚವೆಂದರೆ ಪುಂಡಿ ನಾರು. ಬಿದಿರು, ಸಗಣಿ, ಮಣ್ಣು, ಧಾನ್ಯ, ನಾರು, ಹೀಗೆ ಐದು ಬಗೆಯ ವಸ್ತುಗಳು ಒಂದು ಬುಟ್ಟಿಯಲ್ಲಿ ಕೂಡಿದವು. ಒಂದನ್ನೂ ದುಡ್ಡು ಕೊಟ್ಟು ತರಬೇಕಿಲ್ಲ. ತೆನೆಗಟ್ಟುವ ಪೈರನ್ನು ಬಸುರಿ ಎಂದು ಭಾವಿಸಿ, ಆ ಬುಟ್ಟಿಯಲ್ಲಿ ಅವಳ ಬಯಕೆಯ ಅಡಿಗೆಯನ್ನು ಗದ್ದೆಗೆ ಹೊತ್ತು ಹೋಗುತ್ತಾರೆ. ಚಿತ್ತಾರವನ್ನು 'ಬಿಡಿಸುವುದು' ಎನ್ನದೆ 'ಬರೆಯುವುದು' ಎನ್ನುವ ಆ ಹೆಂಗಸರಲ್ಲಿ ಅನೇಕರಿಗೆ ಅಕ್ಷರ ಬರೆಯುವ ಅವಕಾಶ ಸಿಕ್ಕಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ಇನ್ನೊಂದು ದಾರಿ. ಹಗುರವಾದ ಮರದಲ್ಲಿ ಗೊಂಬೆಯ ಆಕಾರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಬಿಡಿ ಭಾಗಗಳನ್ನು ಕೂಡಿಸುತ್ತಾರೆ. ಒಡವೆಗಳನ್ನು ಉಬ್ಬಿಸಿ ತೋರಿಸಲು ಕಲ್ಲಿನ ಪುಡಿಯ ಸರಿಯನ್ನು ಬಳಸುತ್ತಾರೆ. ಕೆಲಸ ನಡೆಯುವುದು ಮನೆಯ ಪಡಸಾಲೆಯಲ್ಲಿ, ಮನೆಮಂದಿಯೆಲ್ಲ ಸೇರಿ.

ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಬೆಳೆದ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ನಾವು ಅರಮನೆಯ ಕಲೆ ಎನ್ನುತ್ತೇವೆ. ಆದರೆ ಅದರ ಒಳಗುಟ್ಟೆಲ್ಲ ಅಡಿಗೆಮನೆಗೆ ಹತ್ತಿರದ್ದು. ಹಲಗೆಯ ಮೇಲೆ ಬಟ್ಟೆ ಅಥವಾ ಕಾಗದವನ್ನು ಗಂಜಿಯಿಂದ ಅಂಟಿಸುತ್ತಿದ್ದರು. ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದರು. ಬಿಳಿಯ ಪುಡಿ ಮತ್ತು ಅಂಟನ್ನು ನುಣ್ಣಗೆ ಅರೆದ ಸರಿಯಿಂದ ಕಿರೀಟ, ಹಾರ, ಸೆರಗಿನ ಅಂಚುಗಳನ್ನು ಸ್ವಲ್ಪವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಕೊನೆಗೆ ಚಿತ್ರದ ಮೇಲೆ ತೆಳು ಕಾಗದ ಹರಡಿ ನುಣುಪಾದ ಕಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಚಿನ್ನ ಹೊಳೆಯುತ್ತಿತ್ತು. ಬಟ್ಟೆ, ಮರ, ಗಂಜಿ, ಅಂಟು, ಲೋಹ ಎಲ್ಲವೂ ಸೇರಿದ ಈ ಚಿತ್ರಕ್ಕೆ ಮಿಶ್ರ ಮಾಧ್ಯಮ ಎಂಬ ಹೆಸರು ಒಪ್ಪದೇ ಇನ್ನಾವುದಕ್ಕೆ ಒಪ್ಪೀತು?

ಇನ್ನು ಹೊರದೇಶಗಳ ಕಡೆ ನೋಡೋಣ. ಇಂಗ್ಲೆಂಡಿನ ಮೇರಿ ಡೆಲಾನಿ ಎಂಬ ವಿಧವೆ 1772ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಗೆಳತಿಯ ಮನೆಯಲ್ಲಿದ್ದಾಗ ಒಂದು ಹೂವಿನ ಎಸಳಿನ ಬಣ್ಣಕ್ಕೆ ಸರಿಹೊಂದುವ ಕಾಗದವನ್ನು ಕಂಡು, ಕತ್ತರಿಯಿಂದ ಎಸಳುಗಳನ್ನು ಕತ್ತರಿಸಿ ಕಪ್ಪು ಕಾಗದದ ಮೇಲೆ ಅಂಟಿಸಿದರು. ಗೆಳತಿ ಅದನ್ನು ನಿಜವಾದ ಹೂವೆಂದೇ ತಿಳಿದರಂತೆ. ಅಲ್ಲಿಂದ ಹತ್ತು ವರ್ಷ, ಕಣ್ಣು ಮಂದವಾಗುವವರೆಗೆ, ಅವರು ಸಾವಿರಕ್ಕೆ ಸಮೀಪದಷ್ಟು ಹೂಗಿಡಗಳನ್ನು ಹೀಗೆ ರಚಿಸಿದರು. ಕೆಲವದರಲ್ಲಿ ನಿಜವಾದ ಒಣ ಎಲೆಯನ್ನೂ ಸೇರಿಸಿದ್ದಾರೆ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವರಿಗೆ ಬೇಕಾದದ್ದು ಕತ್ತರಿ, ಅಂಟು, ಕಾಗದ ಮತ್ತು ಹೂವನ್ನು ಬಿಡಿಸಿ ನೋಡುವ ತಾಳ್ಮೆ, ಇಷ್ಟೇ.

ಮಹಿಳೆಯರ ಮನೆಗೆಲಸವೆಂದು ಬದಿಗಿಟ್ಟಿದ್ದ ಈ ಅಂಟಿಸುವ ವಿದ್ಯೆ 1912ರಲ್ಲಿ ದೊಡ್ಡ ಕಲೆಯ ಅಂಗಳಕ್ಕೆ ಬಂತು. ಪ್ಯಾರಿಸ್ಸಿನಲ್ಲಿ ಪಾಬ್ಲೋ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತ ಹಗ್ಗ ಬಿಗಿದರು. ಅದೇ ವರ್ಷ ಅವರ ಗೆಳೆಯ ಜಾರ್ಜ್ ಬ್ರಾಕ್ ಅವಿನ್ಯೊನ್ ಪಟ್ಟಣದ ಅಂಗಡಿಯಿಂದ ಮರದ ಗೆರೆಗಳಂತೆ ಅಚ್ಚುಹಾಕಿದ ಗೋಡೆಕಾಗದ ತಂದು ತಮ್ಮ ಇದ್ದಿಲಿನ ಚಿತ್ರಕ್ಕೆ ಅಂಟಿಸಿದರು. ಬ್ರಾಕ್ ಅವರ ತಂದೆ, ತಾತ ಇಬ್ಬರೂ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವರು. ಅವರೂ ಆ ಕಸುಬನ್ನು ಕಲಿತಿದ್ದವರೇ. ಕಸುಬಿನ ಮನೆಯ ಜ್ಞಾನ ಅವರ ಕೈಹಿಡಿಯಿತು.

ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯಲ್ಲಿ ಎಲ್ಲವೂ ಒಡೆದು ಹೋಗಿತ್ತು. ಹ್ಯಾನೋವರ್ ನಗರದ ಕುರ್ಟ್ ಶ್ವಿಟರ್ಸ್ (1887-1948) ಒಡೆದ ಚೂರುಗಳಿಂದಲೇ ಹೊಸದನ್ನು ಕಟ್ಟಬೇಕೆಂದು ಹೊರಟರು. ಟ್ರಾಮ್ ಚೀಟಿ, ಹರಿದ ಜಾಹೀರಾತು, ಮೊಳೆ, ತಂತಿ, ಹಳೆಯ ಚಕ್ರ, ಬೀದಿಯಲ್ಲಿ ಸಿಕ್ಕಿದ್ದೆಲ್ಲ ಅವರ ಚಿತ್ರಗಳಿಗೆ ಬಂತು. ಬ್ಯಾಂಕೊಂದರ ಜಾಹೀರಾತಿನಿಂದ ಕತ್ತರಿಸಿದ ಚೂರಿನಲ್ಲಿ ಉಳಿದಿದ್ದ 'ಮೆರ್ಟ್ಸ್' ಎಂಬ ಅರ್ಥವಿಲ್ಲದ ಅಕ್ಷರಗಳನ್ನೇ ತಮ್ಮ ಕಲೆಗೆ ಹೆಸರಾಗಿಟ್ಟರು. ತಾವಿದ್ದ ಮನೆಯ ಕೋಣೆಯಲ್ಲಿ 1920ರ ದಶಕದಿಂದ ಕಂಬ, ಗೂಡು, ಮಾಡುಗಳನ್ನು ಕಟ್ಟುತ್ತಾ ಹೋಗಿ ಕೊನೆಗೆ ಕೋಣೆಯನ್ನೇ ಒಂದು ಕಲಾಕೃತಿ ಮಾಡಿದರು. ನಾಜಿ ಸರ್ಕಾರ ಇಂಥ ಕಲೆಯನ್ನು ಹೀನವೆಂದು ಸಾರಿದ್ದರಿಂದ 1937ರಲ್ಲಿ ನಾರ್ವೆಗೆ, 1940ರಲ್ಲಿ ಅಲ್ಲಿಂದ ಬ್ರಿಟನ್ನಿಗೆ ಓಡಬೇಕಾಯಿತು. ಅಲ್ಲಿ ಶತ್ರುದೇಶದವರೆಂದು ಶಿಬಿರದಲ್ಲಿ ಕೂಡಿಹಾಕಿದರು. ಬಣ್ಣ, ಮಣ್ಣು ಸಿಗದಾಗ ಶಿಬಿರದಲ್ಲಿ ಕೊಡುತ್ತಿದ್ದ ಗಂಜಿಯನ್ನೇ ಗಟ್ಟಿಮಾಡಿ ಶಿಲ್ಪ ಮಾಡಿದರು. ಅದಕ್ಕೆ ಬೂಷ್ಟು ಹಿಡಿಯಿತು, ಆದರೂ ಅವರು ಬಿಡಲಿಲ್ಲ. ಹ್ಯಾನೋವರಿನ ಆ ಮನೆ 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು.

ಅವರ ಸ್ನೇಹಿತೆ ಹಾನಾ ಹ್ಯೋಕ್ (1889-1978) ಬರ್ಲಿನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕಸೂತಿ, ಲೇಸುಗಳ ವಿನ್ಯಾಸ ಬರೆಯುತ್ತಿದ್ದವರು. ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಜೋಡಿಸಿ, ತಮ್ಮ ಕಾಲದ ರಾಜಕಾರಣವನ್ನೂ ಹೆಣ್ಣಿನ ಬಗೆಗಿನ ಕಪಟವನ್ನೂ ಕೆಣಕಿದರು. 1939ರಲ್ಲಿ ಊರಾಚೆ ಒಂದು ಪುಟ್ಟ ಮನೆ ಕೊಂಡು, ಸಿಕ್ಕರೆ ತಲೆದಂಡವಾಗಬಹುದಾಗಿದ್ದ ಗೆಳೆಯರ ಕೃತಿಗಳನ್ನೂ ಕಾಗದಪತ್ರಗಳನ್ನೂ ಯುದ್ಧ ಮುಗಿಯುವವರೆಗೆ ಅಲ್ಲಿ ಬಚ್ಚಿಟ್ಟು ಕಾಪಾಡಿದರು. ಆ ಚಳವಳಿಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಒಳ್ಳೆಯ ಪಾಲು ಆ ಹೆಣ್ಣುಮಗಳ ಮನೆಯಲ್ಲಿ ಉಳಿದದ್ದು.

ನ್ಯೂಯಾರ್ಕಿನ ಜೋಸೆಫ್ ಕಾರ್ನೆಲ್ (1903-1972) ಅವರ ಕಥೆ ನಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಹಗಲು ಬಟ್ಟೆಯ ವ್ಯಾಪಾರದ ಕೆಲಸ, ಮನೆಯಲ್ಲಿ ತಾಯಿ ಮತ್ತು ಅಂಗವೈಕಲ್ಯವಿದ್ದ ತಮ್ಮನ ಆರೈಕೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಇವರ ಕಲೆ ಶುರು. ಹಳೆಯ ಪುಸ್ತಕದ ಅಂಗಡಿ, ಗುಜರಿಗಳಲ್ಲಿ ಹುಡುಕಿ ತಂದ ನಕ್ಷೆ, ಗಾಜಿನ ಲೋಟ, ಗೋಲಿ, ಮಣ್ಣಿನ ಕೊಳವೆ, ಹಕ್ಕಿಯ ಚಿತ್ರಗಳನ್ನು ಗಾಜಿನ ಮುಚ್ಚಳವಿದ್ದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದರು. ಪೆಟ್ಟಿಗೆ ಹಳತಾಗಿ ಕಾಣಲೆಂದು ಬಣ್ಣ ಬಳಿದು ಅಡಿಗೆಯ ಒಲೆಯಲ್ಲಿಟ್ಟು ಬೇಯಿಸಿದ್ದೂ ಉಂಟು. ಯುರೋಪನ್ನು ಒಮ್ಮೆಯೂ ನೋಡದ ಈ ಮನುಷ್ಯ ಅಲ್ಲಿನ ಹೋಟೆಲು, ನಾಟ್ಯ, ನಕ್ಷತ್ರಗಳ ಲೋಕವನ್ನು ಪೆಟ್ಟಿಗೆಯೊಳಗೆ ಕಟ್ಟಿದರು. ತೀರಿಕೊಂಡ ವರ್ಷ ಅವರು ಮಕ್ಕಳಿಗಾಗಿಯೇ ಒಂದು ಪ್ರದರ್ಶನ ನಡೆಸಿದರು. ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿ, ಬಂದವರಿಗೆ ಸಿಹಿತಿಂಡಿ, ತಂಪು ಪಾನೀಯ ಕೊಡಿಸಿದರು.

ನಮ್ಮ ದೇಶದ ವಿನೋದ ಬಿಹಾರಿ ಮುಖರ್ಜಿ (1904-1980) ಅವರನ್ನು ಮರೆಯುವಂತಿಲ್ಲ. ಶಾಂತಿನಿಕೇತನದ ಗೋಡೆಗಳ ಮೇಲೆ ದೊಡ್ಡ ಚಿತ್ರಗಳನ್ನು ಬರೆದ ಅವರು ಐವತ್ತರ ಪ್ರಾಯದಾಚೆ ಶಸ್ತ್ರಚಿಕಿತ್ಸೆಯೊಂದರ ನಂತರ ಪೂರ್ತಿ ದೃಷ್ಟಿ ಕಳೆದುಕೊಂಡರು. ಆಗ ಅವರು ಕೈಗೆತ್ತಿಕೊಂಡದ್ದು ಬಣ್ಣದ ಕಾಗದ, ಕತ್ತರಿ, ಅಂಟು. ಬೆರಳಿನಿಂದ ಮುಟ್ಟಿ ಆಕಾರ ತಿಳಿದು ಕೊಲಾಜ್ ರಚಿಸಿದರು. ಬಣ್ಣ ಬಳಿದ ಗೆರೆ ಬೆರಳಿಗೆ ಸಿಗದು, ಕತ್ತರಿಸಿದ ಅಂಚು ಸಿಗುತ್ತದೆ.

ಇವರೆಲ್ಲರನ್ನೂ ಒಂದು ಸಾಲಿನಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವವನಿಗೆ ಹೆದರಿಕೆ ಕಡಿಮೆ. ಬೆಲೆಬಾಳುವ ಕ್ಯಾನ್ವಾಸ್ ಹಾಳಾದರೆ ಎಂಬ ಅಳುಕು ರದ್ದಿ ಕಾಗದದ ಮುಂದೆ ಇರುವುದಿಲ್ಲ. ಅಂಟಿಸಿದ್ದು ಸರಿಬಾರದಿದ್ದರೆ ಕಿತ್ತು ಇನ್ನೊಂದನ್ನು ಹಚ್ಚಬಹುದು. ತಪ್ಪಿ ಹರಿದ ಅಂಚೇ ಬೆಟ್ಟದ ಸಾಲಾದೀತು, ಚಹದ ಕಲೆಯೇ ಮಣ್ಣಿನ ರಸ್ತೆಯಾದೀತು. ಗೋಣಿಚೀಲದ ನೂಲು, ಮದುವೆ ಪತ್ರಿಕೆಯ ಮಿರುಗು, ಅಡಿಕೆ ಹಾಳೆಯ ಗೆರೆ, ಬಾಳೆನಾರು, ಹೊಲಿಗೆಯವರ ಮನೆಯ ಬಟ್ಟೆಚೂರು, ಒಂದೊಂದಕ್ಕೂ ಒಂದೊಂದು ಸ್ವಭಾವ. ಅದನ್ನು ಕಂಡುಹಿಡಿಯುವ ಸುಖ ಕೊಂಡು ತಂದ ಬಣ್ಣದ ಡಬ್ಬಿಯಲ್ಲಿಲ್ಲ. ಜೊತೆಗೆ ವಿಜ್ಞಾನವೂ ಬರುತ್ತದೆ. ಒದ್ದೆ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ಬಾಗಿಸುತ್ತದೆ, ಆದ್ದರಿಂದ ಹಿಂಬದಿಗೂ ಒಂದು ಕಾಗದ ಅಂಟಿಸಬೇಕು. ಪತ್ರಿಕೆಯ ಕಾಗದ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಮೈದಾ ಗಂಜಿಗೆ ಹುಳ ಬೀಳದಿರಲೆಂದು ಪುಸ್ತಕ ಕಟ್ಟುವವರು ಮೈಲುತುತ್ತ ಸೇರಿಸುತ್ತಾರೆ. ಆದರೆ ಅದು ವಿಷ, ದೊಡ್ಡವರೇ ಬೆರೆಸಬೇಕು.

ಹಳೆಯ ವಿದ್ಯಾರ್ಥಿಗಳಲ್ಲೂ ಊರಿನ ಹಿರಿಯರಲ್ಲೂ ಒಂದು ವಿನಂತಿ. ಮನೆಯ ಕಲೆ ಬೇಗ ಅಳಿಯುತ್ತದೆ. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಂತೆ ಚಿತ್ತಾರಕ್ಕೆ ಜಾಗ ಕಡಿಮೆಯಾಗುತ್ತಿದೆ. ಬುಟ್ಟಿಯ ಮೇಲೆ ಬರೆದದ್ದು ಹೆಚ್ಚು ಕಾಲ ನಿಲ್ಲುವುದಿಲ್ಲ, ಬರೆದವರ ಹೆಸರಂತೂ ಎಲ್ಲೂ ಇರುವುದಿಲ್ಲ. ಶ್ವಿಟರ್ಸ್ ಅವರ ಕೋಣೆ ಬೂದಿಯಾದ ಮೇಲೂ, ಮೊದಲೇ ತೆಗೆದಿಟ್ಟಿದ್ದ ಕೆಲವೇ ಛಾಯಾಚಿತ್ರಗಳ ಆಧಾರದಿಂದ ಅದರ ಒಂದು ಭಾಗವನ್ನು ಹ್ಯಾನೋವರಿನ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಲು ಸಾಧ್ಯವಾಯಿತು. ಇಂದು ನಮ್ಮೆಲ್ಲರ ಕೈಯಲ್ಲಿ ಮೊಬೈಲ್ ಇದೆ. ಈ ಭೂಮಿ ಹುಣ್ಣಿಮೆಗೆ ನಿಮ್ಮ ಮನೆಯ, ನೆರೆಮನೆಯ ಬುಟ್ಟಿಯನ್ನು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಬರೆದವರ ಹೆಸರು, ವಯಸ್ಸು, ಯಾರಿಂದ ಕಲಿತರು, ಯಾವ ಗೆರೆಗೆ ಏನು ಹೆಸರು ಎಂಬುದನ್ನು ಕೇಳಿ ಬರೆದು ಶಾಲೆಗೆ ಕೊಡಿ. ಕೌದಿ ಹೊಲಿಯುವವರು, ಗೊಂಬೆ ಮಾಡುವವರು ಇದ್ದರೆ ಅವರದನ್ನೂ ಸೇರಿಸಿ. ಶಾಲೆಯ ಗ್ರಂಥಾಲಯದಲ್ಲಿ ಅದಕ್ಕೊಂದು ಕಪಾಟು ಸಾಕು.

ಪೋಷಕರಿಗೆ ಒಂದು ಮಾತು. ಮಗುವಿಗೆ ಬಣ್ಣದ ಪೆಟ್ಟಿಗೆ ಕೊಡಿಸಲಾಗದಿದ್ದರೆ ಚಿಂತೆಯಿಲ್ಲ. ಮನೆಯಲ್ಲಿ ಒಂದು ಮೂಲೆ, ಒಂದು ರಟ್ಟಿನ ಡಬ್ಬಿ ಕೊಡಿ. ಡಬ್ಬಿಯಲ್ಲಿ ಅದು ಕೂಡಿಟ್ಟದ್ದನ್ನು ಕಸವೆಂದು ಎಸೆಯುವ ಮೊದಲು ಒಮ್ಮೆ ಕೇಳಿ.