ಶಾಲೆಯ ಮೇಷ್ಟರು ಕಂಡ ಗ್ರಹಮಂಡಲ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಗ್ರಹಗಳನ್ನು ಕುರಿತ ಒಂದು ಪ್ರಸಿದ್ಧ ಕೃತಿಯಿದೆ. ಹೆಸರು ‘ದಿ ಪ್ಲಾನೆಟ್ಸ್’. ಅದನ್ನು ರಚಿಸಿದ ಗುಸ್ತಾವ್ ಹೋಲ್ಸ್ಟ್ ಬಾಳಿನ ಅರ್ಧದಷ್ಟನ್ನು ಕಳೆದದ್ದು ಲಂಡನ್ನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಸಂಗೀತದ ಮೇಷ್ಟರಾಗಿ. ಪಾಠ ಹೇಳುವ ಕೆಲಸ ಕಲಾವಿದನ ಸಮಯವನ್ನೆಲ್ಲ ನುಂಗಿಬಿಡುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಈ ಮಾತು ಎಷ್ಟು ನಿಜ? ಹೋಲ್ಸ್ಟ್ ಅವರ ಜೀವನವನ್ನು ನೋಡಿದರೆ ಉತ್ತರ ಸಿಗುತ್ತದೆ.

ಹೋಲ್ಸ್ಟ್ ಹುಟ್ಟಿದ್ದು 1874ರ ಸೆಪ್ಟೆಂಬರ್ 21ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ. ತಂದೆ ಪಿಯಾನೊ ವಾದಕರು. ಮಗನೂ ಅದೇ ದಾರಿ ಹಿಡಿಯಲೆಂದು ಅವರ ಆಸೆ. ಆದರೆ ಹುಡುಗನಿಗೆ ಬಲಗೈಯಲ್ಲಿ ನರದ ನೋವು, ಜೊತೆಗೆ ಆಸ್ತಮಾ. ಪಿಯಾನೊದ ಕನಸನ್ನು ಕೈಬಿಡಬೇಕಾಯಿತು. 1893ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದರು. ಮುಂದೆ ಕೆಲವು ವರ್ಷ ಟ್ರಾಂಬೋನ್ ಎಂಬ ಹಿತ್ತಾಳೆಯ ವಾದ್ಯವನ್ನು ವಾದ್ಯವೃಂದಗಳಲ್ಲಿ ಊದಿ ಜೀವನ ಸಾಗಿಸಿದರು.

1905ರಲ್ಲಿ ಅವರು ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಗೆ ಬಂದರು. 1934ರ ಮೇ 25ರಂದು ತೀರಿಕೊಳ್ಳುವವರೆಗೂ ಆ ಶಾಲೆಯ ನಂಟು ಬಿಡಲಿಲ್ಲ. 1907ರಿಂದ 1924ರವರೆಗೆ ಮಾರ್ಲೆ ಕಾಲೇಜಿನಲ್ಲೂ ಪಾಠ ಹೇಳಿದರು. ಅಲ್ಲಿಗೆ ಬರುತ್ತಿದ್ದವರು ಹಗಲೆಲ್ಲ ದುಡಿದು ಸಂಜೆ ಕಲಿಯುವ ಜನ. ಪರ್ಸೆಲ್ ಎಂಬ ಹಿಂದಿನ ಸಂಗೀತಕಾರನ ‘ದಿ ಫೇರಿ ಕ್ವೀನ್’ ಕೃತಿಯ ಸ್ವರಲಿಪಿ ಎರಡು ಶತಮಾನ ಕಾಣೆಯಾಗಿತ್ತು. ಅದು ಸಿಕ್ಕಮೇಲೆ ಹಾಡುಗಾರರಿಗೂ ವಾದ್ಯದವರಿಗೂ ಬೇಕಾದ ಪ್ರತಿಗಳನ್ನು ಈ ವಿದ್ಯಾರ್ಥಿಗಳೇ ಕೈಯಿಂದ ಬರೆದರು. 1911ರಲ್ಲಿ ಅದನ್ನು ಹಾಡಿ ತೋರಿಸಿದರು. ಕಲಿಯುವವರಿಗೆ ಸುಲಭವಾದದ್ದನ್ನಷ್ಟೇ ಕೊಡಬೇಕೆಂದು ಹೋಲ್ಸ್ಟ್ ಭಾವಿಸಲಿಲ್ಲ.

ನಮಗೆ ಹತ್ತಿರವಾದ ಇನ್ನೊಂದು ಸಂಗತಿಯಿದೆ. ಋಗ್ವೇದದ ಇಂಗ್ಲಿಷ್ ಅನುವಾದಗಳು ಮನಸ್ಸಿಗೆ ಒಪ್ಪದೆ, ಹೋಲ್ಸ್ಟ್ ಸಂಸ್ಕೃತವನ್ನೇ ಕಲಿಯಲು ಹೊರಟರು. ಪಂಡಿತರೇನೂ ಆಗಲಿಲ್ಲ. ಆದರೆ ನಿಘಂಟಿನ ನೆರವಿನಿಂದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ರಾಗ ಸಂಯೋಜಿಸಿದರು. ಕಾಳಿದಾಸನ ‘ಮೇಘದೂತ’ವನ್ನು ಆಧರಿಸಿ ಒಂದು ವೃಂದಗಾನವನ್ನೂ, ಮಹಾಭಾರತದ ಕಥೆಯಿಂದ ‘ಸಾವಿತ್ರಿ’ ಎಂಬ ಪುಟ್ಟ ಸಂಗೀತ ನಾಟಕವನ್ನೂ ಬರೆದರು. ‘ಸಾವಿತ್ರಿ’ಯಲ್ಲಿ ಮೂವರೇ ಪಾತ್ರಧಾರಿಗಳು. ಅವರ ಜೊತೆಗೆ, ಕಣ್ಣಿಗೆ ಕಾಣದ ಹೆಣ್ಣುದನಿಗಳು ಪದಗಳಿಲ್ಲದೆ ಹಾಡುತ್ತವೆ. ಈ ವಿಷಯ ನೆನಪಿನಲ್ಲಿರಲಿ.

ವಾರವಿಡೀ ಪಾಠ. ಸ್ವಂತ ರಚನೆಗೆ ಉಳಿದದ್ದು ವಾರಾಂತ್ಯ ಮತ್ತು ಆಗಸ್ಟ್ ತಿಂಗಳ ರಜೆ ಮಾತ್ರ. 1913ರಲ್ಲಿ ಶಾಲೆಯ ಹೊಸ ಸಂಗೀತ ವಿಭಾಗದಲ್ಲಿ ಹೊರಗಿನ ಸದ್ದು ಕೇಳದ ಕೋಣೆಯೊಂದು ಅವರಿಗೆ ದೊರೆಯಿತು. ಮರುವರ್ಷ ಆರಂಭವಾದ ‘ದಿ ಪ್ಲಾನೆಟ್ಸ್’ ಮುಗಿಯಲು ಸುಮಾರು ಮೂರು ವರ್ಷ ಹಿಡಿಯಿತು. ಕೈನೋವು ಹೆಚ್ಚಾದಾಗ ಸ್ವರಲಿಪಿ ಬರೆಯಲು ಶಾಲೆಯ ಸಹೋದ್ಯೋಗಿಗಳಾದ ವ್ಯಾಲಿ ಲಾಸ್ಕರ್ ಮತ್ತು ನೋರಾ ಡೇ ನೆರವಾದರು.

ಈ ಕೃತಿಗೆ ಪ್ರೇರಣೆ ಖಗೋಳ ವಿಜ್ಞಾನವಲ್ಲ, ಜ್ಯೋತಿಷ್ಯ. ಆದ್ದರಿಂದ ಭೂಮಿಗೆ ಇಲ್ಲಿ ಸ್ಥಾನವಿಲ್ಲ; ಗ್ರಹಗಳು ಏಳೇ. 1930ರಲ್ಲಿ ಪ್ಲೂಟೊ ಪತ್ತೆಯಾದಾಗಲೂ ಹೋಲ್ಸ್ಟ್ ಅದನ್ನು ಸೇರಿಸಲಿಲ್ಲ. 2006ರಲ್ಲಿ ವಿಜ್ಞಾನಿಗಳೇ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು! ಮೊದಲ ಭಾಗ ಮಂಗಳ, ಯುದ್ಧದ ಗ್ರಹ. ಇದರ ಲಯ ಐದೆಣಿಕೆಯದು. ಖಂಡಛಾಪು ತಾಳ ಬಲ್ಲ ನಮಗೆ ಐದು ಹೊಸದಲ್ಲ. ಆದರೆ ಸೈನಿಕರ ನಡಿಗೆ ಎರಡು ಕಾಲಿನದು, ಅದಕ್ಕೆ ಸಮಸಂಖ್ಯೆಯೇ ಸಹಜ. ಐದೆಣಿಕೆಗೆ ಯಾರೂ ಹೆಜ್ಜೆ ಹಾಕಲಾರರು. ಕೇಳುವಾಗ ಆಗುವ ಭಯಕ್ಕೆ ಇದೂ ಒಂದು ಕಾರಣ.

1918ರ ಸೆಪ್ಟೆಂಬರ್ 29ರಂದು, ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಆಹ್ವಾನಿತರಿಗಾಗಿ ಇದರ ಮೊದಲ ವಾದನ ನಡೆಯಿತು. ಕೊನೆಯ ಭಾಗ ನೆಪ್ಚೂನ್. ಇಲ್ಲಿ ಮತ್ತೆ ಅದೇ ಪದಗಳಿಲ್ಲದ, ಕಣ್ಣಿಗೆ ಕಾಣದ ಹೆಣ್ಣುದನಿಗಳು. ಹಾಡಿದವರಲ್ಲಿ ಸೇಂಟ್ ಪಾಲ್ಸ್ ಶಾಲೆಯ ವಿದ್ಯಾರ್ಥಿನಿಯರೂ ಇದ್ದರು. ಪಕ್ಕದ ಕೋಣೆಯಲ್ಲಿ ನಿಂತು ಹಾಡುವಾಗ ನಡುವಿನ ಬಾಗಿಲನ್ನು ಸದ್ದಿಲ್ಲದೆ ನಿಧಾನವಾಗಿ ಮುಚ್ಚಬೇಕು. ದನಿ ದೂರದಲ್ಲಿ ಕರಗಿಹೋಗಬೇಕು. ಇದು ಸಂಗೀತಕಾರರೇ ಬರೆದಿಟ್ಟ ಸೂಚನೆ.

ಪಾಠ ಹೇಳುವ ಕೆಲಸ ಹೋಲ್ಸ್ಟ್ ಅವರ ಸಮಯವನ್ನು ತಿಂದದ್ದು ನಿಜ, ದೇಹವನ್ನು ದಣಿಸಿದ್ದೂ ನಿಜ. 1924ರ ಹೊತ್ತಿಗೆ ಅನಾರೋಗ್ಯದಿಂದ ಅವರು ಹೆಚ್ಚಿನ ಜವಾಬ್ದಾರಿಗಳನ್ನು ಬಿಡಬೇಕಾಯಿತು. ಆದರೆ ಸೂರ್ಯನಿಂದ ಅತಿ ದೂರದ ಗ್ರಹಕ್ಕೆ ದನಿ ಬೇಕೆನಿಸಿದಾಗ ಅದು ಸಿಕ್ಕಿದ್ದು ಅವರ ತರಗತಿಯಲ್ಲೇ. ‘ದಿ ಪ್ಲಾನೆಟ್ಸ್’ ಕೇಳುವ ಅವಕಾಶ ಸಿಕ್ಕರೆ ಮಂಗಳದ ಅಬ್ಬರಕ್ಕೇ ನಿಲ್ಲಬೇಡಿ. ಬಾಗಿಲು ಮುಚ್ಚುವವರೆಗೂ ಕೇಳಿ.