ಕಣ್ಣಿಗೆ ಕನ್ನಡ, ಕಿವಿಗೆ ಇನ್ನೇನೋ

ಭಾರತೀ ಬ್ರೈಲ್ ರೂಪುಗೊಂಡಿದ್ದು 1951ರಲ್ಲಿ. ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ಒಂದೊಂದು ಕಡೆ ಒಂದೊಂದು ಥರದ ಬ್ರೈಲ್ ಇತ್ತು. ಅದನ್ನು ಒಂದು ಮಾಡಿದವರು ಲಿಪಿಯ ಆಕಾರ ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಇಂಗ್ಲಿಷಿನ ‘ಎ’ಗೆ ಇರುವ ಒಂದು ಚುಕ್ಕಿಯೇ ನಮ್ಮ ‘ಅ’. ‘ಕೆ’ಗೆ ಇರುವ ಎರಡು ಚುಕ್ಕಿಗಳೇ ‘ಕ’, ಕನ್ನಡದಲ್ಲೂ ಅಷ್ಟೇ, ಹಿಂದಿಯಲ್ಲೂ ಅಷ್ಟೇ. ಎಷ್ಟು ಸರಳ ನೋಡಿ.

ಆಮೇಲೆ ಕಂಪ್ಯೂಟರ್ ಬಂತು. ಆಗಿನ ಯಂತ್ರಗಳಿಗೆ ಕನ್ನಡ ಅಂತ ಒಂದು ಭಾಷೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟುಗಳಲ್ಲಿ ‘ಸಿ’ ಜಾಗದಲ್ಲಿ ‘ಅ’ ಇದೆ. ‘ಪಿ’ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’. ತಲೆಕಟ್ಟು ಬೇರೆಯೇ ಒಂದು ಸಂಕೇತ! ಅವರನ್ನು ಬೈಯೋ ಹಾಗಿಲ್ಲ, ಅವತ್ತಿಗೆ ಅಚ್ಚಿನ ಕೆಲಸ ನಡೆಯಬೇಕಿತ್ತು, ನಡೀತು. ನಾನೂ ವರ್ಷಗಟ್ಟಲೆ ಹಾಗೇ ಟೈಪಿಸಿದವನು.

ಆದರೆ ಕಣ್ಣು ಕಾಣದವರ ಓದು ನಡೆಯೋದು ಸ್ಕ್ರೀನ್ ರೀಡರ್ ಮೂಲಕ. ಅದಕ್ಕೆ ಚಿತ್ರ ಕಾಣಲ್ಲ, ಒಳಗಿನ ಸಂಕೇತ ಮಾತ್ರ ಕಾಣುತ್ತೆ. ಪುಟದ ತುಂಬ ಚೆಂದದ ಕನ್ನಡ ಇದ್ದರೂ ಅದು ‘ಸಿ’, ‘ಪಿ’ ಅಂತ ಗೊಣಗುತ್ತೆ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಬಳಕೆಗೂ ಬಂತು. ಆದರೆ ಪುಟ ಕಟ್ಟುವ ಪೇಜ್‌ಮೇಕರ್‌ಗೆ ಯುನಿಕೋಡ್ ಬರುತ್ತಿರಲಿಲ್ಲ. ಪ್ರಕಾಶಕರು ಹಳೆ ಫಾಂಟು ಬಿಡಲಿಲ್ಲ.

ಕಾನೂನು ಮಾತ್ರ ಮುಂದೆ ಓಡಿತು. ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಅನುಮತಿ ಬೇಕಿಲ್ಲ ಅಂತ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ತಿದ್ದಿದರು. ಇಂಥ ಪುಸ್ತಕಗಳು ದೇಶದಿಂದ ದೇಶಕ್ಕೂ ಹೋಗಲಿ ಅಂತ 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಹೆಮ್ಮೆಯೇ ಸರಿ.

ಆದರೆ ಅನುಮತಿ ಸಿಕ್ಕ ಕನ್ನಡದ ಕಡತ ತೆರೆದರೆ ಒಳಗೆ ಅದೇ ‘ಸಿ’, ‘ಪಿ’. ಪರಿವರ್ತಕಗಳೇನೋ ಇವೆ. ‘ಕರ್ಮ’ ಅನ್ನೋ ಪದ ತಗೊಳ್ಳಿ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ಕೊನೆಗೆ ಬರುತ್ತೆ, ಯುನಿಕೋಡಿನಲ್ಲಿ ಬಾಯಲ್ಲಿ ಅಂದಂತೆ ‘ರ್’ ಮೊದಲು, ‘ಮ’ ಆಮೇಲೆ. ಪರಿವರ್ತಕ ಇದನ್ನು ಹಿಂದೆಮುಂದೆ ಮಾಡಬೇಕು, ತಪ್ಪಿದರೆ ಪದವೇ ಕೆಡುತ್ತೆ. ಆ ತಪ್ಪು ಹುಡುಕಲು ಮತ್ತೆ ಕಣ್ಣಿರುವವರೊಬ್ಬರು ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪುಟಪುಟವೂ ಕೂರಬೇಕು.